ಹಿಂಬದಿಯ ಮಸಿ

ಹಾಲಿನ ವ್ಯಾನು ಇನ್ನೂ ಬೀದಿಗೆ ಬಂದಿಲ್ಲ. ಎರಡನೇ ಮಹಡಿಯ ಈ ಅಡುಗೆಮನೆಯಲ್ಲಿ ಮಾತ್ರ ದೀಪ ಹತ್ತಿದೆ. ಮೇಜಿನ ಮೇಲಿದ್ದ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒರೆಸಿ, ಹಾಳೆ ಹರವಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಯಜಮಾನರು ಕೂತಿದ್ದಾರೆ. ಬಲಗೈಯಲ್ಲಿ ಪೆನ್ಸಿಲ್. ಎಡಗೈ ಮೇಜಿನ ಅಂಚನ್ನೇ ವಾದ್ಯ ಮಾಡಿಕೊಂಡು ಒತ್ತಿ ಒತ್ತಿ ನೋಡುತ್ತಿದೆ. ಆ ಕೈಯ ಕಿರುಬೆರಳನ್ನು ಬೇಕೆಂದೇ ಮಡಚಿ, ಹೊಲಿಗೆ ದಾರ ಸುತ್ತಿ ಕಟ್ಟಿದ್ದಾರೆ. ಗಾಯವೇನೂ ಆಗಿಲ್ಲ. ಹೆಂಡತಿಯ ಕಿರುಬೆರಳು ಈಚೆಗೆ ಮಡಚಿದ್ದು ಬಿಚ್ಚಿಕೊಳ್ಳುತ್ತಿಲ್ಲ. ಅದಿಲ್ಲದೆ ಏನೇನು ನುಡಿಸಬಹುದು ಎಂದು ತಮ್ಮ ಕೈಯಲ್ಲೇ ನೋಡಿಕೊಳ್ಳುತ್ತಿದ್ದಾರೆ.

ಬೀದಿಯವರ ಬಾಯಲ್ಲಿ ಇವರು ಸೂಜಿ ಮಾಮ. ಕೆಳಗಿನ ಅಂಗಡಿಯಲ್ಲಿ ಹಳೇ ಬಟ್ಟೆಗಳ ಆಲ್ಟರೇಶನ್ ಇವರ ಕಸುಬು: ಅಣ್ಣನ ಕೋಟು ತಮ್ಮನಿಗೆ, ದಪ್ಪಗಾದವರಿಗೆ ಸೊಂಟ ಬಿಡುವುದು, ಸಣ್ಣಗಾದವರಿಗೆ ಹಿಡಿಯುವುದು. ಅಂಗಡಿ ತೆಗೆಯುವ ಮೊದಲು ಮೇಲಿನ ಈ ಮೇಜಿನ ಮೇಲೆ ಮಾಡುವುದೂ ಅದನ್ನೇ, ಆದರೆ ಹಾಡುಗಳಿಗೆ. ಹಳೆಯ ಕೈಬರಹದ ಪುಸ್ತಕಗಳಲ್ಲಿ ಯಾರೂ ಹಾಡದೆ ಉಳಿದ ಸಂಗೀತವನ್ನು ಹೊರತೆಗೆದು ಲ್ಯೂಟಿಗೆ ಹೊಂದಿಸಿ ಬರೆಯುತ್ತಾರೆ. ಲ್ಯೂಟ್ ಎಂದರೆ ಉದ್ದಕ್ಕೆ ಸೀಳಿದ ಸೋರೆಕಾಯಿಯಂಥ ಹೊಟ್ಟೆ, ಹಿಂದಕ್ಕೆ ಬಾಗಿದ ಕತ್ತು, ಜೋಡಿ ಜೋಡಿಯಾಗಿ ಬಿಗಿದ ತಂತಿಗಳ ವಾದ್ಯ. ದನಿ ಎಷ್ಟು ಸಣ್ಣದೆಂದರೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡ ಸದ್ದಿಗೂ ಮುಳುಗಿಹೋಗುತ್ತದೆ.

ನುಡಿಸುವವರು ಇವರ ಮನೆಯವರು. ಬಹಳ ಮಕ್ಕಳಿಗೆ ಪಾಠ ಹೇಳಿದ್ದರಿಂದ ಎಲ್ಲರಿಗೂ ಟೀಚರ್. ಕಚೇರಿ ಮುಗಿದರೆ ಹೂಗುಚ್ಛ ಅವರಿಗೆ, ವಾದ್ಯದ ಪೆಟ್ಟಿಗೆ ಇವರಿಗೆ. ಒಂದು ಸಭಾಂಗಣದಲ್ಲಿ ಕಾವಲಿನವನು ಇವರನ್ನು ಸಾಮಾನು ಹೊರುವವನೆಂದು ತಿಳಿದು ಹಿಂಬಾಗಿಲು ತೋರಿಸಿದ್ದನಂತೆ. ನನಗೆ ಕೇಳಿಯೇ ಮೈ ಉರಿಯಿತು. ಇವರಿಗೆ ಮಾತ್ರ ಆ ಬಾಗಿಲು ಬಸ್ ಸ್ಟಾಪಿಗೆ ಹತ್ತಿರವಾಯಿತೆಂದೇ ನೆನಪು. ಪತ್ರಿಕೆಯ ‘ಎಲೆಮರೆಯ ಕಾಯಿ’ ಎಂಬ ಅಂಕಣಕ್ಕೆ ಬರೆಯಲು ಬಂದಿದ್ದೇನೆ ಎಂದರೆ ನಗುತ್ತಾರೆ.

“ಈ ವಯಸ್ಸಲ್ಲಿ ಕಾಯಿ ಎಲ್ಲಿ ಬಂತು? ಹಣ್ಣಾಗಿ ಉದುರೋ ಕಾಲ.”

ಇವರಿಗೆ ಸಂಗೀತ ಓದುವುದು ಕಲಿಸಿದ್ದು ಟೀಚರೇ. ಮದುವೆಯಾದ ಹೊಸದರಲ್ಲಿ, ನುಡಿಸುವಾಗ ಹಾಳೆ ತಿರುಗಿಸಲು ಒಂದು ಕೈ ಬೇಕಾಗಿತ್ತು, ಅಷ್ಟೇ. ಮೊದಲ ಕಚೇರಿಯಲ್ಲೇ ಎರಡು ಹಾಳೆ ಒಟ್ಟಿಗೆ ತಿರುಗಿಸಿ ಹಾಡಿನ ಹೊಟ್ಟೆಯನ್ನೇ ಹಾರಿಸಿಬಿಟ್ಟರು. ಆ ಅವಮಾನಕ್ಕೇ ಹಠ ಹಿಡಿದು ಕಲಿತರು ಎನ್ನುತ್ತಾರೆ ಟೀಚರ್. ಆಗ ಇದೇ ಬೀದಿಯಲ್ಲಿ ವಾದ್ಯ ರಿಪೇರಿಯ ಅಂಗಡಿಗಳ ಸಾಲಿತ್ತು. ಬೆಳಗಾದರೆ ಅಂಟು ಕಾಯಿಸುವ ವಾಸನೆ, ತಂತಿ ಬಿಗಿಯುವ ಕಿರ್ ಸದ್ದು. ಭಾನುವಾರ ಸಂಜೆ ಇವರ ಮನೆ ತುಂಬಿ, ಜಾಗವಿಲ್ಲದವರು ಹೊರಗಿನ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದವರೂ ಉಂಟು. ಈಗ ಆ ಅಂಗಡಿಗಳಲ್ಲಿ ಮೊಬೈಲ್ ಕವರು ಮಾರುತ್ತಾರೆ. ಮೆಟ್ಟಿಲು ಹಾಗೇ ಇದೆ, ಕೂರುವವರು ಎಲ್ಲೆಲ್ಲೋ ಹೋದರು.

ಕೆಲಸ ಕಲ್ಲಿನಲ್ಲಿ ನಾರು ತೆಗೆಯುವಂಥದ್ದು. ಹಳೆಯ ಹಾಡುಗಳನ್ನು ನಾಲ್ಕು ಜನ ನಾಲ್ಕು ದಾರಿಯಲ್ಲಿ ಹಾಡಲೆಂದು ಬರೆದಿರುತ್ತಾರೆ. ಲ್ಯೂಟ್ ಹಿಡಿದವರಿಗೆ ಇರುವುದು ಎರಡೇ ಕೈ. “ನಾಲ್ಕು ಜನರ ಸಂಸಾರಾನ ಒಂದು ಸೈಕಲ್ ಮೇಲೆ ಕೂರಿಸಿದ ಹಾಗೆ,” ಎನ್ನುತ್ತಾರೆ ಮಾಮ. “ಯಾರನ್ನೋ ತೊಡೆ ಮೇಲೆ ಕೂರಿಸ್ಬೇಕು, ಯಾರನ್ನೋ ಇಳಿಸ್ಬೇಕು. ಇಳಿದವರಿಗೆ ಬೇಜಾರಾಗಬಾರದು.” ಕೆಲವು ಹಾಡು ಒಂದೇ ವಾರದಲ್ಲಿ ಒಲಿಯುತ್ತವೆ. ಕೆಲವು ಒಂದೇ ಸಾಲಿಗೆ ತಿಂಗಳು ತಿನ್ನುತ್ತವೆ.

ಅಂಥ ಹಾಡುಗಳಲ್ಲಿ ಒಂದು ಟೀಚರಿಗೆ ಪ್ರಾಣ. ತೊಟ್ಟಿಲ ಹಾಡಿನಂತೆ ಮೆಲ್ಲಗೆ ತೂಗುವ ಚಿಕ್ಕ ಹಾಡು. ಮಗಳು ಚಿಕ್ಕವಳಿದ್ದಾಗ ಅದನ್ನು ಕೇಳದೆ ಕಣ್ಣು ಮುಚ್ಚುತ್ತಿರಲಿಲ್ಲ. ಅದರ ನಡುವೆ ಒಂದು ಕಡೆ ಯಾರೂ ನಿರೀಕ್ಷಿಸದ ಒಂದು ಸ್ವರ ಬರುತ್ತದೆ, ನಗುತ್ತಾ ಮಾತಾಡುತ್ತಿದ್ದವರು ತಟ್ಟನೆ ಸುಮ್ಮನಾದಂತೆ. ಕೇಳಿದವರೆಲ್ಲ ಆ ಜಾಗಕ್ಕೇ ಕಾಯುತ್ತಿದ್ದರು.

ಆ ಸ್ವರ ಹಾಡಿನಲ್ಲಿ ಇಲ್ಲವೇ ಇಲ್ಲ. ಮಾಮ ಅದನ್ನು ಬರೆದುಕೊಂಡದ್ದು ಜೆರಾಕ್ಸ್ ಪ್ರತಿಯಿಂದ. ಹಳೆಯ ಮಸಿ ಕಾಗದವನ್ನು ತಿನ್ನುವ ಮಸಿ, ಒಂದು ಮಗ್ಗುಲಲ್ಲಿ ಬರೆದದ್ದು ಇನ್ನೊಂದು ಮಗ್ಗುಲಿಗೂ ಇಳಿಯುತ್ತದೆ. ಮೂಲ ಹಾಳೆಯಲ್ಲಾದರೆ ಇಳಿದ ಮಸಿ ತೆಳುಕಂದು, ಕಣ್ಣಿಗೆ ಗೊತ್ತಾಗುತ್ತದೆ. ಜೆರಾಕ್ಸಿನಲ್ಲಿ ಹಿಂದಿನದೂ ಮುಂದಿನದೂ ಒಂದೇ ಕಪ್ಪು. ಎಷ್ಟೋ ವರ್ಷದ ಮೇಲೆ ಗ್ರಂಥಾಲಯದವರು ಮೂಲ ಪುಸ್ತಕವನ್ನೇ ಕೈಗೆ ಕೊಟ್ಟಾಗ, ಹಾಳೆಯನ್ನು ಬೆಳಕಿಗೆ ಎತ್ತಿದ ಮಾಮನಿಗೆ ಆ ಸ್ವರದ ಚುಕ್ಕೆ ಹಿಂಬದಿಯ ಹಾಡಿನದು ಎಂದು ತಿಳಿಯಿತು. ಅಂದು ಮನೆಗೆ ಬಂದ ಮಾಮ ಊಟ ಮಾಡಲಿಲ್ಲವಂತೆ. ಅಳಿಸಿಬಿಡೋಣ ಎಂದಾಗ ಟೀಚರ್ ಒಪ್ಪಲಿಲ್ಲ. ಅಷ್ಟರಲ್ಲಿ ಮಗಳು ತನ್ನ ಮಗುವಿಗೂ ಆ ಸ್ವರ ಸೇರಿಸಿಯೇ ಗುನುಗುತ್ತಿದ್ದಳು.

ಈಗ ಬೆರಳೇ ಕೈಕೊಟ್ಟಿದೆ. ಉಳಿದ ಬೆರಳುಗಳಿಂದ ಬೇರೆ ಹಾಡುಗಳನ್ನು ಹೇಗೋ ಸಂಭಾಳಿಸಬಹುದು. ಈ ಹಾಡಿನಲ್ಲಿ ಮಾತ್ರ ಆ ಒಂದು ಸ್ವರಕ್ಕೆ ಕಿರುಬೆರಳೇ ಚಾಚಬೇಕು. ಮಾಮ ಮತ್ತೆ ಅದೇ ಮಾತೆತ್ತಿದರು: ಹೇಗೂ ತಪ್ಪು ಸ್ವರ, ತೆಗೆದರೆ ಹಾಡು ಸರಿಯಾಗುತ್ತದೆ, ಕೈಗೂ ಸುಲಭ. ಟೀಚರ್ ಲ್ಯೂಟನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದರು.

“ರೀ, ಹಾಳೆಗೆ ಅದು ತಪ್ಪಿರಬಹುದು. ನನ್ನ ಕಿವಿಗೆ ಅದೇ ಹಾಡು. ಅದನ್ನ ಬಿಟ್ಟು ನುಡಿಸೋದಾದ್ರೆ ಈ ಪೆಟ್ಟಿಗೇನ ಯಾವುದಾದ್ರೂ ಸ್ಕೂಲಿಗೆ ಕೊಟ್ಟುಬಿಡಿ.”

ಹಾಗೆಂದ ಮೇಲೆ ಪೆಟ್ಟಿಗೆ ತೆಗೆದಿಲ್ಲ. ಮನೆಯಲ್ಲಿ ಸದ್ದಿಲ್ಲ ಎನ್ನುವಾಗ ಮಾಮನ ದನಿ ಬಿದ್ದುಹೋಗುತ್ತದೆ. ಜಗಳವಾದ ದಿನವೂ ಟೀಚರ್ ತಂತಿ ಮೀಟುತ್ತಿದ್ದರು, ಇನ್ನಷ್ಟು ಜೋರಾಗಿ. ಈ ಮೌನ ಇವರಿಗೆ ಹೊಸದು, ಹೆದರಿಕೆಯಾಗುತ್ತದೆ ಎಂದು ನೇರವಾಗಿಯೇ ಹೇಳಿದರು.

ಅದಕ್ಕೇ ಈ ಬೆಳಗಿನ ಜಾವದ ಕೆಲಸ. ಬೆರಳು ಒತ್ತದೆಯೇ ನುಡಿಯುವ ತಂತಿಗಳು ಲ್ಯೂಟಿನಲ್ಲಿವೆ. ಸುಮ್ಮನೆ ಮೀಟಿದರೆ ಸಾಕು. ಆ ತಪ್ಪು ಸ್ವರ ಅಂಥದೊಂದು ತಂತಿಯ ಮೇಲೆ ಬಂದು ಕೂರಬೇಕಾದರೆ ಇಡೀ ಹಾಡನ್ನೇ ಶ್ರುತಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಬೇಕು. ಇಳಿಸಿದೊಡನೆ ಸುತ್ತಲಿನ ಸ್ವರಗಳೆಲ್ಲ ಕೈಗೆ ಸಿಗದ ಜಾಗಕ್ಕೆ ಹೋಗುತ್ತವೆ. “ಒಂದು ಗುಂಡಿಗೋಸ್ಕರ ಇಡೀ ಕೋಟು ಬಿಚ್ಚಿ ಹೊಲೀತಾ ಇದೀನಿ,” ಎನ್ನುತ್ತಾ ಪೆನ್ಸಿಲ್ ಚೂಪು ಮಾಡುತ್ತಾರೆ. ಕೊನೆಯ ಸಾಲು ಉಳಿದಿತ್ತು. ಅದನ್ನೂ ಬರೆದು, ಮೇಜಿನ ಅಂಚಿನಲ್ಲಿ ಒತ್ತಿ ನೋಡಿ, ಸರಿ ಎಂಬಂತೆ ತಲೆ ಆಡಿಸುತ್ತಾರೆ.

ಟೀಚರ್ ಸ್ವೆಟರಿನಲ್ಲೇ ಎದ್ದು ಬರುತ್ತಾರೆ, ಚಹಾಕ್ಕೆ ನೀರಿಡುತ್ತಾರೆ. ಮಾಮ ಹಾಳೆಯನ್ನು ಅವರ ಕಡೆಗೆ ಸರಿಸುತ್ತಾರೆ. ಟೀಚರ್ ನಿಂತೇ ಓದುತ್ತಾರೆ. ಒಂದು ಕಡೆ ಅವರ ಕಣ್ಣು ನಿಲ್ಲುತ್ತದೆ. ಒಲೆ ಆರಿಸಿ ಒಳಗೆ ಹೋಗುತ್ತಾರೆ. ಪೆಟ್ಟಿಗೆಯ ಕೊಂಡಿ ತೆಗೆದ ಸದ್ದು, ಬಹಳ ಹೊತ್ತು ತಂತಿ ಹದ ಮಾಡುವ ಸದ್ದು. ಆಮೇಲೆ ಹಾಡು ಬರುತ್ತದೆ, ಅಲ್ಲಲ್ಲಿ ತಡವರಿಸುತ್ತಾ. ಆ ಸ್ವರವೂ ಬರುತ್ತದೆ. ಒತ್ತಿ ಹಿಡಿಯುವ ಬೆರಳಿಲ್ಲವಾದ್ದರಿಂದ ಅದು ತನ್ನಷ್ಟಕ್ಕೆ ಮೊಳಗುತ್ತಾ ನಿಂತು, ತಾನೇ ಆರುತ್ತದೆ.

“ಸ್ವಲ್ಪ ಕೆಳಗಾಯ್ತು,” ಎನ್ನುತ್ತಾರೆ ಟೀಚರ್ ಒಳಗಿನಿಂದ. “ನಮಗೂ ವಯಸ್ಸಾಯ್ತಲ್ಲ, ಇರ್ಲಿ. ಇನ್ನೊಂದ್ಸಲ ನುಡಿಸ್ತೀನಿ.”

ಮಾಮನ ಕಣ್ಣು ತುಂಬಿದೆ, ಮರೆಮಾಚುವುದಿಲ್ಲ. ಇಷ್ಟು ಹಾಡುಗಳಲ್ಲಿ ಎಲ್ಲೂ ನಿಮ್ಮ ಹೆಸರಿಲ್ಲವಲ್ಲ ಎಂದು ಕೇಳುತ್ತೇನೆ. ಒಳಗಿನ ಹಾಡು ಮತ್ತೆ ಆ ಜಾಗದ ಹತ್ತಿರ ಬರುವಾಗ, ಕಿರುಬೆರಳಿನ ದಾರ ಬಿಚ್ಚುತ್ತಾ ಹೇಳುತ್ತಾರೆ:

“ನಂದು ಅಂತ ಇದರಲ್ಲಿ ಏನಿದೆ? ಎಲ್ಲಾ ಹಿಂದಿನವರು ಬರೆದಿಟ್ಟದ್ದು, ನಾನು ಅಳತೆ ಸರಿಮಾಡೋನು. ಆ ತಪ್ಪೊಂದೇ ನಂದು. ಇವಳು ಅದನ್ನೇ ಬಿಟ್ಟುಕೊಡಲಿಲ್ಲ ನೋಡಿ.”