ಪರಿಶೀಲಿಸಿದವರು

ಕಟ್ಟಡಗಳ ನಕ್ಷೆ ಬರೆಯುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ನಿಜ. ಆದರೆ ಮೂವತ್ತು ವರ್ಷ ಅಳತೆ ಅಳತೆ ಎಂದು ಜೊತೆಗಾರರ ತಲೆ ತಿಂದ ಮೇಲೆ ಉಳಿದದ್ದು ಮಿಲಿಮೀಟರಪ್ಪ ಎಂಬ ಹೆಸರೇ. ಪರದೆಯ ಬಟ್ಟೆ ಕೊಳ್ಳಲು ಹೋದಾಗಲೂ ಜೇಬಿನಿಂದ ಸ್ವಂತ ಟೇಪು ತೆಗೆಯುವವರಿಗೆ ಜನ ಇನ್ನೇನು ಹೆಸರಿಟ್ಟಾರು?

ಕಚೇರಿಯ ನೌಕರಿ ಬಿಟ್ಟ ಮೇಲೆ ಅವರ ಕೆಲಸ ಮನೆಯ ಮುಂದಿನ ಕೋಣೆಯಲ್ಲೇ. ಅಲ್ಲಿ ಎರಡು ಮೇಜು. ಒಂದರಲ್ಲಿ ಅವರು ಬರೆಯುವುದು, ಇನ್ನೊಂದರಲ್ಲಿ ಹೆಂಡತಿ ಪರಿಶೀಲಿಸುವುದು. ನಕ್ಷೆಯ ಬಲಮೂಲೆಯಲ್ಲಿ ಎರಡು ಖಾನೆಗಳಿರುತ್ತವೆ: ಬರೆದವರು, ಪರಿಶೀಲಿಸಿದವರು. ಎರಡರಲ್ಲೂ ಒಂದೇ ಸಹಿ ಬೀಳಬಾರದು ಎನ್ನುವುದು ಅವರ ಪಾಲಿಗೆ ಕಲ್ಲಿನಲ್ಲಿ ಕೊರೆದ ಮಾತು. ಹೆಂಡತಿ ಕೆಂಪು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಳೆಂದರೆ ಮುಗಿಯಿತು.

"ರೀ, ಈ ಬಾಗ್ಲು ತೆಗೆದ್ರೆ ನೇರ ಮೆಟ್ಲಿಗೆ ಬಡಿಯುತ್ತೆ. ಯಾರ ಮನೆ ಹಾಳ್ ಮಾಡೋಕೆ ಹೊರಟಿದೀರಿ?"

ತಪ್ಪು ಸಿಗದ ದಿನ ಆಕೆಗೆ ಊಟ ರುಚಿಸುತ್ತಿರಲಿಲ್ಲ. ಅದನ್ನು ಗಮನಿಸಿದ ಮಿಲಿಮೀಟರಪ್ಪ ಪ್ರತಿ ಹಾಳೆಯಲ್ಲೂ ಬೇಕೆಂದೇ ಒಂದು ಸಣ್ಣ ತಪ್ಪು ಬಿಡತೊಡಗಿದರು. ಆಕೆ ಮೂರು ಹಿಡಿಯುತ್ತಿದ್ದಳು. ನಾನು ಬಿಟ್ಟದ್ದು ಒಂದೇ ಎಂದು ಹೇಳುವ ಹಾಗೂ ಇಲ್ಲ, ಮೂರನ್ನೂ ಬೇಕೆಂದೇ ಬಿಟ್ಟೆ ಎನ್ನುವ ಹಾಗೂ ಇಲ್ಲ. ಅವರು ನಗುತ್ತ ತಿದ್ದಿಕೊಳ್ಳುತ್ತಿದ್ದರು.

ಆಕೆ ತೀರಿಹೋಗಿ ಒಂದು ವರ್ಷ ಎಂಟು ತಿಂಗಳಾಯಿತು. ಎರಡನೆಯ ಮೇಜಿನ ಧೂಳನ್ನು ದಿನಾ ಒರೆಸುತ್ತಾರೆ, ಕೆಂಪು ಪೆನ್ಸಿಲ್ಲನ್ನು ಮಾತ್ರ ಇದ್ದಲ್ಲಿಂದ ಸರಿಸುವುದಿಲ್ಲ. ಮಧ್ಯಾಹ್ನದ ಊಟ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತೇ. ಕೆಲವು ದಿನ ಸಂಜೆಯಾದರೂ ಬಾಯಿಂದ ಒಂದು ಮಾತು ಹೊರಟಿರುವುದಿಲ್ಲ.

ಹಾಗಿರುವಾಗ ಹಳೆಯ ಪರಿಚಯದ ಎಂಜಿನಿಯರ್ ಫೋನ್ ಮಾಡಿದರು. ಆರು ಮಹಡಿಯ ಆಸ್ಪತ್ರೆಯ ಕೆಲಸವಿತ್ತು. ಗೋಡೆ, ಕೊಳವೆ, ತಂತಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ನಿಜದ ಕಟ್ಟಡದಂತೆ ಎಬ್ಬಿಸಿ ತೋರಿಸಬೇಕು.

"ಮೊದಲು ಒಂದು ಮಹಡಿ ಮಾಡಿಕೊಡಿ, ಸರಿಹೋದ್ರೆ ಉಳಿದಿದ್ದೂ ನಿಮ್ಮದೇ. ಆದ್ರೆ ಈಗ ಪರಿಶೀಲನೆ ಯಾರು ಮಾಡ್ತಾರೆ?"

"ನಾನೇ ಮಾಡ್ಕೋತೀನಿ ಬಿಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಕೆಲಸ ತಪ್ಪಿದರೆ ಇನ್ನೊಂದು ಬರುವ ನಂಬಿಕೆ ಅವರಿಗಿರಲಿಲ್ಲ. ಕೆಲಸವಿಲ್ಲದೆ ಆ ಕೋಣೆಯಲ್ಲಿ ಕೂರುವುದನ್ನು ನೆನೆದರೆ ಭಯವಾಗುತ್ತಿತ್ತು.

ಹಳೆಯ ಕಂಪ್ಯೂಟರ್ ಆ ಕಡತ ತೆರೆಯುವಷ್ಟರಲ್ಲೇ ಏದುಸಿರು ಬಿಟ್ಟು ನಿಂತುಹೋಯಿತು. ಸಿದ್ಧವಾಗಿ ಬರುವ ದೊಡ್ಡ ಯಂತ್ರದ ಬೆಲೆ ಕೈಗೆಟುಕುವಂತಿರಲಿಲ್ಲ. ಬಿಡಿಭಾಗ ಆರಿಸಿ ಜೋಡಿಸಿದರೆ ಅಗ್ಗವೆಂದು ತಿಳಿದು ಆರಿಸಲು ಕೂತರು. ಗ್ರಾಫಿಕ್ಸ್ ಕಾರ್ಡ್ ಒಳ್ಳೆಯದು ಹಾಕಿದರೆ ಮೆಮೊರಿಗೆ ಕತ್ತರಿ, ಮೆಮೊರಿ ಏರಿಸಿದರೆ ಪ್ರೊಸೆಸರ್ ಇಳಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಇಲ್ಲಿ ಕಾಲು ಯಾವುದು ಹಾಸಿಗೆ ಯಾವುದು ಎಂಬುದೇ ತಿಳಿಯದು. ದಿನ ಬಿಟ್ಟು ದಿನ ಪಟ್ಟಿ ಹಿಡಿದು ಕಂಪ್ಯೂಟರ್ ಅಂಗಡಿಗೆ ಹೋದರು. ಫೋನಿನಲ್ಲಿ ಕೇಳಬಹುದಾದದ್ದಕ್ಕೂ ನಡೆದೇ ಹೋದರು. ಅಂಗಡಿಯಾಕೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಸಮಾಧಾನವಾಗಿ ಉತ್ತರ ಕೊಡುತ್ತಿದ್ದಳು.

"ಅಂಕಲ್, ಇದು ಹನ್ನೊಂದನೇ ಪಟ್ಟಿ."

"ಮನೆ ಕಟ್ಟಿ ನೋಡು ಅಂತಾರಲ್ಲಮ್ಮ, ಇದೂ ಹಾಗೇ."

ಹನ್ನೆರಡನೆಯದನ್ನು ನಕ್ಷೆಯ ಹಾಳೆಯಲ್ಲೇ ಬರೆದರು, ಮೂಲೆಯ ಖಾನೆಗಳ ಸಮೇತ. ಮೊದಲನೆಯದರಲ್ಲಿ ಸಹಿ ಹಾಕಿದರು. ಎರಡನೆಯದರ ಮುಂದೆ ಬಹಳ ಹೊತ್ತು ಕೂತು, ಕೊನೆಗೆ ಅಲ್ಲೂ ತಮ್ಮದೇ ಸಹಿ ಗೀಚಿದರು. ಕಳ್ಳತನ ಮಾಡಿದಂತೆ ಅನಿಸಿತು.

ಭಾಗಗಳು ಬಂದ ದಿನ ಅಂಗಡಿಯಾಕೆ ಎಲ್ಲವನ್ನೂ ಕೂರಿಸಿ, ಕೊನೆಗೆ ಕಂಪ್ಯೂಟರಿನ ಹೊರಪೆಟ್ಟಿಗೆಯ ಪಕ್ಕದ ಬಾಗಿಲು ಹಾಕಲು ಹೋದಳು. ಕೂರಲಿಲ್ಲ. ಪ್ರೊಸೆಸರಿನ ಮೇಲೆ ನಿಂತು ಅದನ್ನು ತಂಪಾಗಿಡುವ ಫ್ಯಾನಿನ ಗೋಪುರ ಎಂಟು ಮಿಲಿಮೀಟರ್ ಹೊರಗೆ ಚಾಚಿತ್ತು.

"ಅಂಕಲ್, ನೀವು ಪೆಟ್ಟಿಗೆಯ ಹೊರ ಅಳತೆ ಹಿಡಿದು ಲೆಕ್ಕ ಹಾಕಿದೀರಿ. ಒಳಗೆ ಅಷ್ಟು ಜಾಗ ಎಲ್ಲಿರುತ್ತೆ?"

ಮಿಲಿಮೀಟರಪ್ಪ ಟೇಪು ತೆಗೆದು ಅಳೆದರು. ಮತ್ತೆ ಅಳೆದರು. ಹೊರ ಅಳತೆಯನ್ನು ಒಳ ಅಳತೆ ಎಂದುಕೊಳ್ಳುವುದು ಕಸುಬು ಕಲಿಯುವವರು ಮೊದಲ ವಾರ ಮಾಡುವ ತಪ್ಪು. ಬೇಕೆಂದೇ ಬಿಟ್ಟದ್ದಲ್ಲ ಇದು, ತಾನಾಗಿ ನುಸುಳಿದ್ದು.

"ಬಿಚ್ಚಿದ ಮಾಲು ಕಂಪನಿಯವ್ರು ವಾಪಸ್ ತಗೊಳ್ಳಲ್ಲ. ನಾನೂ ಸಹಿ ನೋಡಿ, ಅಳತೆ ನೋಡ್ದೇ ತರಿಸ್ಬಿಟ್ಟೆ. ಯಾರಿಗಾದ್ರೂ ಒಂದ್ಸಲ ತೋರಿಸಬಾರ್ದಿತ್ತಾ?"

"ತೋರಿಸೋಕೆ ಯಾರೂ ಇಲ್ಲಮ್ಮ," ಎಂದರು. ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಕೆ ಕುರ್ಚಿ ಎಳೆದುಕೊಟ್ಟಳು.

ಬಾಗಿಲಿಲ್ಲದ ಪೆಟ್ಟಿಗೆಯನ್ನೇ ಮನೆಗೆ ತಂದರು. ಬಾಗಿಲನ್ನು ಎರಡನೆಯ ಮೇಜಿಗೆ ಒರಗಿಸಿದರು. ಯಂತ್ರವೇನೋ ಆಸ್ಪತ್ರೆಯ ಕಡತವನ್ನು ನೀರು ಕುಡಿದಷ್ಟು ಸಲೀಸಾಗಿ ತೆರೆಯಿತು. ಅವರಿಗೆ ಸಂತೋಷವಾಗಲಿಲ್ಲ. ಪೆಟ್ಟಿಗೆಯ ಬಾಗಿಲಾದರೆ ಒರಗಿಸಿಡಬಹುದು, ಆಸ್ಪತ್ರೆಯ ಬಾಗಿಲಲ್ಲಿ ಎಂಟು ಮಿಲಿಮೀಟರ್ ತಪ್ಪಿದರೆ ಮಂಚ ಒಳಗೆ ಹೋಗುವುದಿಲ್ಲ. ಪಟ್ಟಿಯನ್ನು ತೆಗೆದು, ಹೆಂಡತಿಯ ಕೆಂಪು ಪೆನ್ಸಿಲ್ಲನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡು, ಫ್ಯಾನಿನ ಅಳತೆಗೆ ಸುತ್ತು ಹಾಕಿದರು. ಪರಿಶೀಲಿಸಿದವರ ಖಾನೆಯಲ್ಲಿದ್ದ ತಮ್ಮ ಸಹಿಯನ್ನು ಹೊಡೆದುಹಾಕಿದರು. ಆಮೇಲೆ ಎಂಜಿನಿಯರಿಗೆ ಫೋನ್ ಮಾಡಿದರು.

"ಪರಿಶೀಲನೆ ನನ್ನಿಂದ ಆಗಲ್ಲ ಸರ್. ನಾನು ಹೇಳಿದ್ದು ತಪ್ಪು. ಕೆಲಸ ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು."

ಎಂಜಿನಿಯರ್ ಕೆಲಸ ಕಿತ್ತುಕೊಳ್ಳಲಿಲ್ಲ. "ಒಂದು ಮಹಡಿ ಕಳ್ಸಿ. ನಮ್ಮ ಕಚೇರೀಲಿ ಒಬ್ಬರು ನೋಡ್ತಾರೆ."

ಒಂಬತ್ತು ದಿನ ಕೂತು ಮಹಡಿಯನ್ನು ಎಬ್ಬಿಸಿದರು. ಕಳಿಸುವ ಮುನ್ನ ಕೈ ತಾನಾಗಿ ನಕ್ಷೆಯ ಒಂದು ಕಿಟಕಿಯ ಬಳಿ ಹೋಗಿ ನಿಂತಿತು. ಹೆಂಡತಿಗಾಗಿ ತಪ್ಪು ಬಿಡುತ್ತಿದ್ದದ್ದು ಹೆಚ್ಚಾಗಿ ಕಿಟಕಿಗಳಲ್ಲೇ. ನೋಡುವವರು ಯಾರೋ, ಹೆಸರೂ ಗೊತ್ತಿಲ್ಲ, ತಪ್ಪು ಸಿಗದಿದ್ದರೆ ಅವರ ಊಟವೇನೂ ಕೆಡುವುದಿಲ್ಲ. ಮಿಲಿಮೀಟರಪ್ಪ ಕಿಟಕಿಯ ಅಳತೆಯನ್ನು ಇನ್ನೊಮ್ಮೆ ಸರಿನೋಡಿ, ಒಂದು ತಪ್ಪನ್ನೂ ಬಿಡದೆ, ನಕ್ಷೆಯನ್ನು ಕಳಿಸಿಬಿಟ್ಟರು.