ಅಣ ಅಲ್ಲ, ಅಣು

ಓರಗಿತ್ತಿ ಖಾಲಿ ಹಾಲಿನ ಕ್ಯಾನು ಕುಣಿಸಿಕೊಂಡು ಡೈರಿಯಿಂದ ಬಂದಳು. ಅವಳು ನನ್ನ ಮೈದುನನ ಹೆಂಡತಿ. ಅವನು ತೀರಿಹೋದ ಮೇಲೆ ನಾಲೆ ಪಕ್ಕದ ಗದ್ದೆಯನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

"ಅಕ್ಕೋ, ನಮ್ಮೂರ್ಗೆ ಅಣದ ಕೇಂದ್ರ ಬತ್ತದಂತೆ ಕಣಕ್ಕ! ಇನ್ಮೇಲೆ ಪಿಂಚಣಿಗೆ ಮದ್ದೂರ್ ಬಸ್ಸಲ್ಲಿ ನೇತಾಡಂಗಿಲ್ಲ. ಡೈರಿ ತಾವ ಆಪೀಸರು ಬಂದವ್ರೆ. ನಾನೂ ಸೈನ್ ಆಕ್ಬುಟ್ಟು ಬಂದೆ."

"ಯಾವ್ ಬ್ಯಾಂಕಂತೆ?"

"ಅದ್ಯಾವ್ದೋ ಅಣ ಇದ್ಯುತ್ತು ಅಂದ್ರಪ್ಪ."

ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಣ ಅಂದರೆ ಅಣ, ಹೆಂಡತಿ ಅಂದರೆ ಎಂಡ್ತಿ. ಆ ಪುಣ್ಯಾತ್ಮ ಅಣು ಅಂದಿದ್ದಾನೆ, ಇವಳ ಕಿವಿಗೆ ಅಣ ಬಿದ್ದಿದೆ. ಸರ್ಕಾರ ಹೊಸ ಅಣು ವಿದ್ಯುತ್ ಸ್ಥಾವರ ಕಟ್ಟಲು ಹೊರಟಿದೆ, ಜಾಗ ಹುಡುಕುತ್ತಿದೆ ಎಂದು ನಾನು ಫೋನಿನಲ್ಲಿ ಓದಿದ್ದೆ.

"ಲೇ, ಅದು ಅಣ ಅಲ್ಲ ಕಣೇ, ಅಣು! ಬಾಂಬಿಗೆ ಆಕ್ತಾರಲ್ಲ, ಆ ವಂಸದ್ದು. ಅದ್ರಲ್ಲಿ ಕರೆಂಟು ಮಾಡ್ತಾರೆ. ಯಾತಕ್ಕೆ ಆಕ್ದೆ ಸೈನು?"

"ಗದ್ದೆ ಸರ್ವೆ ನಂಬರು ಬರ್ಕೊಂಡ್ರು ಕಣಕ್ಕ..." ಅವಳ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಇಬ್ಬರೂ ಡೈರಿಗೆ ಓಡಿದೆವು. ಜಗಲಿಯ ಮೇಲೆ ಆಫೀಸರು ವಡೆ ತಿನ್ನುತ್ತಾ ಕೂತಿದ್ದ. ನೋಡಲು ಒಳ್ಳೆಯ ಮನೆಯ ಹುಡುಗನಂತಿದ್ದ, ಅದಕ್ಕೇ ನನಗೆ ಇನ್ನೂ ಅಸಹ್ಯವಾಯಿತು. ಸೈನು ಯಾತಕ್ಕೆ ಎಂದು ಕೇಳಿದೆ.

"ಬರೀ ಮಣ್ಣು ಪರೀಕ್ಷೆಗೆ ಒಪ್ಪಿಗೆ ಅಜ್ಜಿ. ನಿಮ್ಮೂರಿನ ಅಭಿವೃದ್ಧಿಗೆ ಸರ್ಕಾರ ಬದ್ಧವಾಗಿದೆ" ಎಂದ.

ಬದ್ಧ! ಆ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ನಮ್ಮೂರ ಶಾಲೆಯ ಶೌಚಾಲಯಕ್ಕೂ ಬದ್ಧವಾಗಿದ್ದರು, ಅದಕ್ಕೆ ಇನ್ನೂ ಬಾಗಿಲಿಲ್ಲ. ರಸ್ತೆಗೂ ಬದ್ಧವಾಗಿದ್ದರು, ನನ್ನ ಸೊಂಟವನ್ನು ಕೇಳಿ.

"ಅದ್ನ ತಣ್ಣಗಿಡಾಕೆ ನೀರು ಬೇಕಲ್ಲಪ್ಪ, ಎಲ್ಲಿಂದ ತತ್ತೀರ?"

"ನಾಲೆ ಇದೆಯಲ್ಲ ಅಜ್ಜಿ."

ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂದು ದಿನಾ ಇಣುಕಿ ನೋಡುವವರ ಮುಂದೆ ಹೇಳಿದ ಮಾತು ಇದು.

"ಆಯ್ತು, ಉರಿದ್ಮೇಲೆ ಬೂದಿ ಎಲ್ಲಿ ಸುರೀತೀರ? ನಮ್ಮನೆ ಒಲೆ ಬೂದಿ ತಿಪ್ಪೆಗೆ ಓಯ್ತದೆ."

"ಅದನ್ನು ಭದ್ರವಾಗಿ ಇಟ್ಟಿರ್ತೀವಿ."

"ಎಷ್ಟು ದಿನ?"

ಅವನು ವಡೆ ನೋಡಿದ. ಆಮೇಲೆ, "ಸಹಿ ವಾಪಸ್ ಬೇಕಾದರೆ ಬರವಣಿಗೆಯಲ್ಲಿ ಕೊಡಿ. ವಾಟ್ಸಾಪ್ ಆದರೂ ಸರಿ" ಎಂದು ನಕ್ಕು ನಂಬರು ಹೇಳಿದ. ಮುದುಕಿಯರಿಗೆ ಬರೆಯಲು ಬಾರದು ಎಂಬ ಧೈರ್ಯ ಅವನಿಗೆ. ಮೊಮ್ಮಗಳು ನನಗೆ ಕನ್ನಡ ಟೈಪು ಕಲಿಸಿ ಒಂದು ತಿಂಗಳಾಗಿತ್ತು ಅಷ್ಟೇ. ಹಾಲಿನ ಕ್ಯಾನಿನ ಮೇಲೆ ಕೂತು, ಒಂದೇ ಬೆರಳಲ್ಲಿ ಕುಟ್ಟಿದೆ: "ನನ್ನ ಓರಗಿತ್ತಿ ಹಣ ಅಂತ ತಿಳಿದು ಸಹಿ ಹಾಕಿದಳು. ನೀವು ಅಣು ಅಂದಿರಿ. ಅವಳ ಒಪ್ಪಿಗೆ ಇಲ್ಲ. ಥೂ." ಕೊನೆಗೆ ಸಿಟ್ಟಿನ ಮುಖ ಒತ್ತಲು ಹೋಗಿ ಮುತ್ತು ಕೊಡುವ ಮುಖ ಹೋಯಿತು. ಹೋಗಲಿ ಎಂದು ಬಿಟ್ಟೆ.

ಅವನ ಫೋನು ಟಿಂಗ್ ಎಂದಿತು. ಓದಿ, "ಹಣ ಅಂದುಕೊಂಡಿದ್ರಾ?" ಎಂದು ಗಹಗಹಿಸಿ ನಕ್ಕ. ಹಾಲು ಹಾಕಲು ನಿಂತಿದ್ದ ಹೆಂಗಸರು ಯಾರೂ ನಗಲಿಲ್ಲ.

"ಅಂಗಾರೆ ಅದು ಅಣ ಅಲ್ವಾ?" ಎಂದು ಒಬ್ಬಳು ಕೇಳಿದಳು.

"ಅಲ್ಲ ಕಣವ್ವ."

"ನಂದೂ ಒಡೆದಾಕಪ್ಪ ಮತ್ತೆ!"

"ನಂದೂವೆ!"

ಕ್ಯಾನುಗಳು ಜಗಲಿ ಏರಿದವು. ಅವನ ನಗು ಇಳಿಯಿತು. ಮೊದಲು ಸಹಿಗಳ ಕಾಗದದಲ್ಲಿ ಓರಗಿತ್ತಿಯ ಹೆಸರಿದ್ದ ಸಾಲಿನ ಮೇಲೆ ಗೆರೆ ಎಳೆದು, ಹೊಡೆದುಹಾಕಿದ್ದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲಿ ಇನ್ನೊಂದು ಸಹಿ ಹಾಕಬೇಕು ಎಂದು ಪೆನ್ನು ಚಾಚಿದ.

ಓರಗಿತ್ತಿ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. "ಇನ್ನೊಂದಾ? ನಾನ್ ಆಕಾಕಿಲ್ಲ. ನಮ್ಮಕ್ಕ ಓದ್ಲಿ ಮೊದ್ಲು."

"ಟೈಮಾಗುತ್ತೆ ಅಜ್ಜಿ, ಇನ್ನೂ ಎರಡು ಹಳ್ಳಿ ಇದೆ."

"ಆಗ್ಲಿ ಬುಡು" ಎಂದೆ. ಕನ್ನಡಕ ಒರೆಸಿಕೊಂಡು, ಆ ಕಾಗದವನ್ನು ತಲೆಬರಹದಿಂದ ಹಿಡಿದು ಗಟ್ಟಿಯಾಗಿ ಓದತೊಡಗಿದೆ. ಹೆಂಗಸರು ಸುತ್ತ ಕೂತರು. ಸಣ್ಣ ಅಕ್ಷರದಲ್ಲಿದ್ದದ್ದನ್ನು ಎರಡೆರಡು ಸಲ ಓದಿದೆ.