ಪಿಯಾನೋದ ಮೇಲೆ ಗಟ್ಟಿಮೇಳ

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ, ಏಳನೇ ತರಗತಿಗೆ, ನಾನು ಓದು ನಿಲ್ಲಿಸಿದೆ. ಫೇಲಾಗಿ ಅಲ್ಲ. ಬಳ್ಳಾರಿಯಲ್ಲಿ ಸೋದರಮಾವನ ಮೇಳಕ್ಕೆ ಕ್ಲಾರಿನೆಟ್ ಊದುವವರು ಬೇಕಾಗಿದ್ದರು, ನನಗೆ ಉಸಿರು ಗಟ್ಟಿಯಿತ್ತು. ಮುಂದೆ ವಿಜಯವಾಡದ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆಸಿ ಸ್ವಂತ ಮೇಳ ಕಟ್ಟಿದೆ. ಇಬ್ರಾಹಿಂಪಟ್ನಂನಿಂದ ಗನ್ನವರಂವರೆಗೆ ನಾನು ಊದದ ಕಲ್ಯಾಣಮಂಟಪವಿಲ್ಲ. ಆದರೆ ಯಾರಾದರೂ ಕಿವಿಗೊಟ್ಟು ಕೇಳಿದ್ದಾರೆಯೇ ಅಂದರೆ, ಇಲ್ಲ. ಮದುವೆಮನೆಯಲ್ಲಿ ವಾದ್ಯ ನಿಂತರೆ ಮಾತ್ರ ಜನ ತಿರುಗಿ ನೋಡುತ್ತಾರೆ.

ಎರಡು ಸಾವಿರದ ಐದರ ಮಾಘದಲ್ಲಿ, ಗನ್ನವರಂನ ಒಂದು ಮದುವೆಯಲ್ಲಿ, ಒಬ್ಬ ಹೆಂಗಸು ಊಟಕ್ಕೆ ಏಳದೆ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು. ಡೋಲು ಬಾರಿಸುವ ನನ್ನ ಅಕ್ಕನ ಮಗನನ್ನು ನಾನು ಕನ್ನಡದಲ್ಲಿ ಬೈದದ್ದು ಅವರ ಕಿವಿಗೆ ಬಿತ್ತು.

“ಕನ್ನಡದವರಾ ಮಾಸ್ಟಾರು?”

“ಬಳ್ಳಾರಿ ಕಡೆಯವ್ರು ರೀ.”

“ನಾನು ಮೈಸೂರು, ಕೊಟ್ಟಿದ್ದು ವೈಜಾಗಿಗೆ. ಹಗಲು ಆಸ್ಪತ್ರೆ ಲ್ಯಾಬು, ಸಂಜೆ ಹೋಟೆಲಲ್ಲಿ ಪಿಯಾನೋ. ಜಾಜ್ ನುಡಿಸ್ತೀನಿ.”

ಜಾಜ್ ಅಂದರೇನೆಂದು ನಾನು ಕೇಳಲಿಲ್ಲ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಅವರು ಒಂದು ಡಿಸ್ಕ್ ಮಾಡುತ್ತಿದ್ದರು. ಪ್ರತಿ ಹಾಡಿನಲ್ಲೂ ಇಬ್ಬರೇ: ಅವರು, ಜೊತೆಗೆ ವೈಜಾಗಿನ ಒಬ್ಬ ಜಾಜ್ ವಾದ್ಯಗಾರ. ಕ್ಲಾರಿನೆಟ್ಟಿಗೆ ಮಾತ್ರ ಯಾರೂ ಸಿಕ್ಕಿರಲಿಲ್ಲ. ನನಗೆ ಎರಡು ಹಾಡು ಕೊಡುತ್ತೇನೆ ಅಂದರು. ಡೋಲಿಲ್ಲ, ಊಟದ ಗದ್ದಲವಿಲ್ಲ. ಕೇಳುವವರು ಬೇರೇನೂ ಮಾಡದೆ ಕೇಳುತ್ತಾರೆ. ಒಂದೇ ಒಂದು ಸಲ ಜನ ನನ್ನನ್ನು ಹಾಗೆ ಕೇಳಬೇಕು ಎಂಬ ಆಸೆ ನನ್ನನ್ನು ಹಿಡಿದುಕೊಂಡುಬಿಟ್ಟಿತು. ಮೇಳದವರಿಗೆಲ್ಲ ಹೇಳಿಕೊಂಡೆ. ಅಕ್ಕನ ಮಗ ಡೋಲಿನ ಪಟ್ಟಿ ಬಿಗಿಯುತ್ತಾ, “ಹೋಗಿ ಬಾ ಮಾವ. ಅಲ್ಲಿ ಅಕ್ಷತೆ ಹಾಕೋರು ಇರಂಗಿಲ್ಲ, ನೋಡ್ಕೊ,” ಅಂದ.

ರೆಕಾರ್ಡಿಂಗ್ ಇದ್ದದ್ದು ವೈಜಾಗಿನ ಎಂವಿಪಿ ಕಾಲೋನಿಯ ಒಂದು ಫ್ಲಾಟಿನಲ್ಲಿ. ಕಿಟಕಿಗಳಿಗೆ ಹಾಸಿಗೆ ಒರಗಿಸಿದ್ದರು. ಕೆಳಗೆ ಕೋಚಿಂಗ್ ಸೆಂಟರ್. ಪಾಠ ಬಿಟ್ಟು ಗಾಡಿಗಳು ಹೊರಟಾಗಲೆಲ್ಲ ನಾವು ಕೈಕಟ್ಟಿ ಕೂರಬೇಕು. ಯಂತ್ರ ನೋಡಿಕೊಳ್ಳುತ್ತಿದ್ದವನು ಔಷಧಿ ಕಂಪನಿಯಲ್ಲಿದ್ದ ಹಾಸನದ ಹುಡುಗ, ಅವನೂ ಗಿಟಾರ್ ನುಡಿಸುವವನೇ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಮದುವೆಯಲ್ಲಿ ನಮ್ಮದು ಬರೀ ಊದುವ ಕೆಲಸವಲ್ಲ. ಮುಹೂರ್ತದ ಹೊತ್ತಿಗೆ ಯಾರಾದರೂ ಸೀನಿದರೆ, ಅತ್ತರೆ, ಕೆಟ್ಟ ಮಾತಾಡಿದರೆ ಅದು ಗಂಡುಹೆಣ್ಣಿನ ಕಿವಿಗೆ ಬೀಳಬಾರದು. ತಕ್ಷಣ ಗಟ್ಟಿಮೇಳ ಎತ್ತಿ ಮುಚ್ಚಿಬಿಡಬೇಕು. ಅದನ್ನು ಯೋಚಿಸಿ ಮಾಡುವುದಲ್ಲ, ಬೆರಳೇ ಮಾಡುತ್ತದೆ.

ಮೇಡಂ ಪಿಯಾನೋ ಮೇಲೆ ಮೆಲ್ಲಗೆ ಶುರು ಮಾಡಿದರು, ಇಂಪಾಗಿತ್ತು. ನಾನೂ ಸೇರಿಕೊಂಡೆ. ಇದ್ದಕ್ಕಿದ್ದಂತೆ ಅಕ್ಕಪಕ್ಕದ ಎರಡು ಕೀ ಒಟ್ಟಿಗೆ ಒತ್ತಿದರು, ಹಲ್ಲು ಜುಮ್ಮೆನ್ನುವ ಸ್ವರ. ಪಾಪ, ಕೈ ತಪ್ಪಿತು ಅಂದುಕೊಂಡು ಗಟ್ಟಿಮೇಳ ಎತ್ತಿ ಮುಚ್ಚಿದೆ. ಮತ್ತೆ ತಪ್ಪಿದರು. ಮತ್ತೆ ಮುಚ್ಚಿದೆ. ಅವರು ಕೈ ತೆಗೆದರು.

“ಯಾಕೆ ಮಾಸ್ಟಾರು, ನಾನು ಬಾಯಿ ತೆಗೆದಾಗೆಲ್ಲ ಮೈಮೇಲೆ ಬರ್ತೀರಿ?”

“ನಿಮಗ ಅಪಸ್ವರ ಬಿತ್ತಲ್ರೀ. ಯಾರಿಗೂ ಗೊತ್ತಾಗಬಾರದು ಅಂತ ಮುಚ್ಚಿದೆ.”

“ಅದು ಬೇಕಂತಲೇ ಹಾಕಿದ್ದು.”

“ಬೇಕಂತ ಯಾರರ ಅಪಸ್ವರ ಹಾಕ್ತಾರೇನ್ರೀ?”

ಅವರು ನಗುತ್ತಾ ನಗುತ್ತಾ ಪಿಯಾನೋದ ಮೇಲೆ ತಲೆಯಿಟ್ಟರು. ನನಗೆ ನಗು ಬರಲಿಲ್ಲ. ಬೇಕೆಂದೇ ಹಾಕಿದ ತಪ್ಪು ಯಾವುದು, ಕೈತಪ್ಪಿ ಬಿದ್ದದ್ದು ಯಾವುದು, ತಿಳಿಯುವುದು ಹೇಗೆ? ಮತ್ತೆ ಶುರು ಮಾಡಿದೆವು. ತುಟಿ ಬಿಗಿಹಿಡಿದೆ, ಆದರೂ ಆ ಸ್ವರ ಬಿದ್ದ ಕೂಡಲೇ ಬೆರಳು ಓಡಿತು. ಇನ್ನೊಮ್ಮೆ ಕ್ಲಾರಿನೆಟ್ಟನ್ನೇ ಬಾಯಿಂದ ತೆಗೆದು ಕೂತೆ. ಹಾಗೆ ಸುಮ್ಮನಾಗುವುದೂ ಸರಿಯಲ್ಲವಂತೆ.

ಹಾಸನದ ಹುಡುಗ ಪಕ್ಕದ ಕೋಣೆಯಿಂದ ಮೈಕಿನಲ್ಲಿ ಮೆಲ್ಲಗೆ, “ಅಕ್ಕಾ, ಎರಡು ಹಾಡನ್ನೂ ಗಿಟಾರಲ್ಲಿ ನಾನೇ ನುಡಿಸಿಬಿಡ್ಲಾ?” ಅಂದ. ನನ್ನ ಕಿವಿಗೂ ಹೆಡ್‌ಫೋನ್ ಇತ್ತು ಎಂಬುದು ಅವನಿಗೆ ಮರೆತುಹೋಗಿತ್ತು.

“ಎರಡನೇ ಹಾಡು ಒಂದು ಸಲ ನೋಡ್ರಿ,” ಅಂದೆ. “ಬರಲಿಲ್ಲ ಅಂದ್ರ ನಾನಾಗೇ ಎದ್ದು ಹೋಗ್ತೀನಿ.”

ಮೇಡಂ ನನ್ನ ಕಡೆ ತಿರುಗಿ ಕೂತರು. “ಸರಿ, ಮುಚ್ಚಿ. ಎಷ್ಟು ಮುಚ್ತೀರೋ ನಾನೂ ನೋಡ್ತೀನಿ.”

ಆಮೇಲೆ ಅವರು ಎಲ್ಲೆಂದರಲ್ಲಿ ಆ ಕೆಟ್ಟ ಸ್ವರಗಳನ್ನು ಚೆಲ್ಲತೊಡಗಿದರು. ನಾನು ಒಂದೊಂದರ ಹಿಂದೆಯೂ ಓಡಿದೆ. ನನ್ನ ಉಸಿರು ಎಲ್ಲಿ ಮುಗಿಯುತ್ತದೆಂದು ಕಾದು ಸರಿಯಾಗಿ ಅಲ್ಲೇ ಇನ್ನೊಂದು ಇಡುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತು. ಕೊನೆಯದನ್ನು ಮುಚ್ಚಲು ನನ್ನಲ್ಲಿ ಉಸಿರೇ ಉಳಿದಿರಲಿಲ್ಲ. ಆ ಸ್ವರ ಒಂಟಿಯಾಗಿ ಕೋಣೆಯಲ್ಲಿ ನಿಂತು, ತಾನಾಗೇ ಆರಿತು. ನಾನು ಕ್ಲಾರಿನೆಟ್ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದೆ.

“ಎಲ್ಲಿಗೆ ಹೊರಟ್ರಿ?” ಅಂದರು ಮೇಡಂ. “ಇದನ್ನ ಇಟ್ಕೋತೀನಿ.”

ಮೊದಲ ಹಾಡು ಗಿಟಾರಿಗೇ ಹೋಯಿತು. ಡಿಸ್ಕ್ ಬಂದಾಗ ಮೇಡಂ ನುಡಿಸುವ ಹೋಟೆಲಿನಲ್ಲಿ ಹಾಕಿದ ನನ್ನ ಹಾಡನ್ನು ಜನ ಮಾತಿಲ್ಲದೆ ಕೇಳಿದರು, ಆಮೇಲೆ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿ ತೆಲುಗಿನಲ್ಲಿ, “ಇದರಲ್ಲಿ ಒಟ್ಟು ಎಷ್ಟು ಸಲ ತಾಳಿ ಕಟ್ಟಿದರಂಡಿ?” ಅಂದಳು. ತಡೆಯಲಾರದೆ ಮೇಡಂಗೆ ಫೋನ್ ಮಾಡಿದೆ.

“ನಾನು ಚಲೋ ಊದಿದ್ದಕ್ಕ ಇಟ್ಕೊಂಡ್ರೋ, ತಪ್ಪು ಊದಿದ್ದಕ್ಕೋ?”

“ನಾನು ಎಲ್ಲಿ ಒತ್ತಿದ್ರೂ ನೀವು ಕೇಳಿಸ್ಕೊಂಡ್ರಲ್ಲ ಮಾಸ್ಟಾರು, ಅದಕ್ಕೆ.”

ಜನ ನನ್ನನ್ನು ಕೇಳಲಿ ಎಂದು ಹೋದವನು ನಾನು. ಅವರು ಹೊಗಳಿದ್ದು ನಾನು ಕೇಳಿದ್ದನ್ನು. ಅದು ಸಂತೋಷಪಡುವ ಮಾತೋ ಅಲ್ಲವೋ, ಇಂದಿಗೂ ತೀರ್ಮಾನವಾಗಿಲ್ಲ. ಈಗ ನನ್ನ ಹತ್ತಿರ ಇರುವುದು ಎರಡು ಕ್ಲಾರಿನೆಟ್, ನಾಲ್ಕು ಜನರ ಮೇಳ, ಒಂದು ಸ್ವಂತ ಮನೆ, ಆ ಡಿಸ್ಕಿನ ಮೂರು ಪ್ರತಿ, ಅದರೊಳಗೆ ನಾನು ಊದಿದ ಒಂದು ಹಾಡು.